ಉತ್ತರ ಹೇಳದ ಮಾಸ್ಟ್ರು

ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಟ್ಯೂಷನ್ ಮಾಸ್ಟ್ರಿಗೆ ಬರಗಾಲ ಯಾವತ್ತೂ ಇರಲಿಲ್ಲ. ಗಲ್ಲಿಗೊಬ್ಬರು, ಬಿಲ್ಡಿಂಗಿಗೊಬ್ಬರು. ಆದರೆ ಗಣಿತ, ಫಿಸಿಕ್ಸ್ ಕಲಿಸುತ್ತೇನೆಂದು ಬೋರ್ಡು ಹಾಕಿ, ಬಂದ ಮಕ್ಕಳಿಗೆ ಒಂದು ಉತ್ತರವನ್ನೂ ಹೇಳದೆ ಕೂರುವ ಮನುಷ್ಯ ಆ ಊರಿನಲ್ಲಿ ಒಬ್ಬರೇ ಇದ್ದರು. ಅವರು ಹಯಗ್ರೀವ ಬಾಯರಿ, ಉಡುಪಿಯ ಕಡೆಯವರು. ಕೆಲಸಕ್ಕಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ರೈಲು ಹಳಿಗೆ ತಾಗಿಕೊಂಡಂತಿದ್ದ ತಮ್ಮ ನೆಲಮಹಡಿಯ ಮನೆಯ ಹೊರಕೋಣೆಯಲ್ಲಿ ಒಂದು ಕರಿಹಲಗೆ ತೂಗುಹಾಕಿ ಮಾಸ್ಟ್ರಾದವರು.

ಅವರ ಕ್ಲಾಸಿನಲ್ಲಿ ಚಾಕ್‌ಪೀಸು ಮಕ್ಕಳ ಕೈಯಲ್ಲಿ, ಮಾಸ್ಟ್ರು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ. ಲೆಕ್ಕ ತಪ್ಪಾದರೂ ಸರಿಯಾದರೂ ಅವರ ಬಾಯಿಂದ ಬರುವುದು ಒಂದೇ ಪ್ರಶ್ನೆ: "ಹೇಗೆ ಬಂತು?" ಮಗು ತಾನು ನಡೆದ ದಾರಿಯನ್ನು ಹೇಳಬೇಕು. ಹೇಳುತ್ತ ಹೇಳುತ್ತ ಎಲ್ಲಿ ಎಡವಿದೆ ಎಂದು ತನಗೇ ಗೊತ್ತಾಗಬೇಕು. ಗೊತ್ತಾಗುವವರೆಗೆ ಮಾಸ್ಟ್ರು ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಹಾದುಹೋಗುವ ಲೋಕಲ್ ಗಾಡಿಗಳನ್ನು ನೋಡುತ್ತ ಕೂರುತ್ತಿದ್ದರು. ದೊಡ್ಡವರ ಕಣ್ಣು ಮೈಮೇಲೆ ಬಿದ್ದರೆ ಮಕ್ಕಳ ತಲೆ ಓಡುವುದಿಲ್ಲ ಎಂಬುದು ಅವರ ನಂಬಿಕೆ.

"ಫೀಸು ಕೊಡುದು ನಾವು, ಲೆಕ್ಕ ಮಾಡುದು ನಮ್ಮ ಮಕ್ಕಳು. ಮಾಸ್ಟ್ರಿಗೆ ಟ್ರೇನ್ ನೋಡುವ ಕೆಲ್ಸ," ಎಂದು ಹೆತ್ತವರು ನಗುತ್ತಿದ್ದರು. ನಗುತ್ತಲೇ ಎರಡನೆಯ ಮಗುವನ್ನೂ ತಂದು ಸೇರಿಸುತ್ತಿದ್ದರು.

ಇದರ ಹಿಂದೆ ಒಂದು ಬೆತ್ತವಿತ್ತು. ಬಾಯರಿಯವರ ಅಪ್ಪ ಊರಿನಲ್ಲಿ ಹೆಡ್‌ಮಾಸ್ಟ್ರಾಗಿದ್ದವರು. ಮಗ್ಗಿ ತಪ್ಪಿದಾಗಲೆಲ್ಲ ಅವರು ಉತ್ತರ ಹೇಳಿಕೊಡುತ್ತಿದ್ದದ್ದು ಬೆತ್ತದಿಂದ. ಮಗ ಯಾವ ಕಾಲೇಜಿಗೆ ಹೋಗಬೇಕು, ಯಾವ ಕೆಲಸ ಹಿಡಿಯಬೇಕು ಎಂದು ಕೂತಲ್ಲೇ ತೀರ್ಮಾನಿಸಿ ಅವನನ್ನು ಮುಂಬಯಿಗೆ ಅಟ್ಟಿದವರೂ ಅವರೇ. ನನ್ನ ಬದುಕಿನ ಉತ್ತರವನ್ನು ಬೇರೆಯವರು ಬರೆದುಬಿಟ್ಟರು, ನಾನು ಯಾವ ಮಗುವಿಗೂ ಹಾಗೆ ಮಾಡಲಾರೆ ಎಂದು ಬಾಯರಿ ಹಟ ಹಿಡಿದಿದ್ದರು. ಒಳ್ಳೆಯ ಹಟವೇ. ಆದರೆ ಹಟ ಒಳ್ಳೆಯದಾದ ಮಾತ್ರಕ್ಕೆ ಅದಕ್ಕೆ ಕಣ್ಣು ಬಂದುಬಿಡುವುದಿಲ್ಲ.

ನಿಕಿತಾ ಅವರ ಹತ್ತಿರ ಬಂದದ್ದು ಎಂಟನೆಯ ಕ್ಲಾಸಿನಲ್ಲಿ, ಗಣಿತದಲ್ಲಿ ಫೇಲಾಗಿ. ಅವಳ ಅಪ್ಪ ಶಂಭು ಶೆಟ್ಟರದು ಕಲ್ಯಾಣ ಸ್ಟೇಷನ್ನಿನ ಹೊರಗೆ ಒಂದು ಸಸ್ಯಾಹಾರಿ ಹೋಟೆಲು, ಮನೆ ಡೊಂಬಿವಲಿಯಲ್ಲಿ. "ತಲೆಗೆ ಹತ್ತುದೇ ಇಲ್ಲ ಮಾಸ್ಟ್ರೇ. ಪಾಸಾದ್ರೆ ಸಾಕು," ಎಂದು ಶೆಟ್ಟರು ಮಗಳನ್ನು ಬಿಟ್ಟುಹೋದರು.

ಮೊದಲ ವಾರವೆಲ್ಲ ಹುಡುಗಿ ಚಾಕ್‌ಪೀಸು ಹಿಡಿದುಕೊಂಡು ಹಲಗೆಯ ಮುಂದೆ ಕಂಬದಂತೆ ನಿಂತದ್ದೇ ಬಂತು. ಬಾಯರಿ ಕಿಟಕಿಯ ಕಡೆ ತಿರುಗಿ ಕೂತರು. ಒಂದು ಸಂಜೆ ಉಳಿದ ಮಕ್ಕಳೆಲ್ಲ ಲೆಕ್ಕ ಮುಗಿಸಿ ಹೊರಟರೂ ಅವಳು ನಿಂತೇ ಇದ್ದಳು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂತು. ಪಾಪ, ಒಂದು ಹೆಜ್ಜೆಯನ್ನಾದರೂ ಹೇಳಿಬಿಡೋಣ ಎಂದು, ಆ ಒಂದು ದಿನ, ಮಾಸ್ಟ್ರ ಹಟವೇ ಸ್ವಲ್ಪ ಕರಗಿತು. ಬಾಯಿ ತೆರೆದರು.

"ಥಾಂಬಾ ಸರ್!" ಹುಡುಗಿ ತಿರುಗದೆಯೇ ಕೈ ಎತ್ತಿದಳು. ಮರಾಠಿ ಶಾಲೆಯ ಮಕ್ಕಳ ನಡುವೆ ಬೆಳೆದವಳು; ನಿಲ್ಲಿ, ತಡೆಯಿರಿ ಎನ್ನಬೇಕಾದಲ್ಲೆಲ್ಲ ಅವಳ ನಾಲಿಗೆಗೆ ಬರುತ್ತಿದ್ದದ್ದು ಅದೇ ಮಾತು. "ಹೇಳ್ಬೇಡಿ ಹಾಂ, ಪ್ಲೀಸ್. ಬರ್ತಾ ಉಂಟು."

ಬರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಚೀಲ ಹೆಗಲಿಗೇರಿಸಿ ಹೊರಟಳು. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಒಂದು ಕಾಲಿನ ಚಪ್ಪಲಿಯಲ್ಲೇ ಒಳಗೆ ಓಡಿಬಂದು ಹಲಗೆಯ ಮೇಲೆ ಉತ್ತರ ಬರೆದಳು. ಚಪ್ಪಲಿ ಹಾಕಿಕೊಂಡು ಒಳಗೆ ಬಂದವರನ್ನು ಸುಮ್ಮನೆ ಬಿಡುವ ಹೆಂಗಸಲ್ಲ ಮಾಸ್ಟ್ರ ಹೆಂಡತಿ ಪ್ರಭಾ. ಅವತ್ತು ಅವರೂ ಬಾಗಿಲಲ್ಲಿ ನಿಂತು ನಕ್ಕರು.

ಅಲ್ಲಿಂದ ಮುಂದೆ ಅದು ಇಡೀ ಕ್ಲಾಸಿನ ಮಾತಾಯಿತು. ಮಾಸ್ಟ್ರು ಕೆಮ್ಮಿದರೂ ಸಾಕು, "ಥಾಂಬಾ ಸರ್!" ಎಂದು ಮಕ್ಕಳೆಲ್ಲ ಕೂಗುತ್ತಿದ್ದರು.

ಒಂಬತ್ತನೆಯ ಕ್ಲಾಸಿನಲ್ಲಿ ಗಾಡಿಗಳ ಲೆಕ್ಕ ಬಂತು. ಒಂದೇ ದಿಕ್ಕಿಗೆ ಓಡುವ ಎರಡು ಗಾಡಿ, ಒಂದು ಸ್ಲೋ, ಒಂದು ಫಾಸ್ಟ್. ಹಿಂದಿರುವ ಫಾಸ್ಟ್ ಗಾಡಿ ಮುಂದಿನದನ್ನು ಎಷ್ಟು ಹೊತ್ತಿನಲ್ಲಿ ದಾಟುತ್ತದೆ? ಬೇರೆ ಕ್ಲಾಸುಗಳಲ್ಲಿ ಸೂತ್ರ ಬರೆಸಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಮಕ್ಕಳು ದಿನಗಟ್ಟಲೆ ತಲೆ ಕೆರೆದುಕೊಂಡರು. ಒಂದು ಸೋಮವಾರ ನಿಕಿತಾ ಬಂದವಳೇ ಚೀಲವನ್ನೂ ಇಳಿಸದೆ ಶುರುಮಾಡಿದಳು.

"ಸರ್, ನಿನ್ನೆ ಹೋಟ್ಲಿಂದ ಅಮ್ಮನ ಜೊತೆ ಸ್ಲೋ ಟ್ರೇನಲ್ಲಿ ಬರ್ತಿದ್ದೆ. ಠಾಕುರ್ಲಿ ಹತ್ರ ಬಾಜೂದಲ್ಲಿ ಫಾಸ್ಟ್ ಬಂತು. ಅದ್ರ ಲೇಡೀಸ್ ಡಬ್ಬದಲ್ಲಿ ಒಬ್ಳು ಬಟಾಣಿ ಸುಲೀತಿದ್ಳು. ಅವ್ಳು ನನ್ನ ಕಿಟಕಿ ಎದುರಿಂದ ಆರಾಮಾಗಿ ನಡ್ಕೊಂಡು ಹೋದ ಹಾಗೆ ಹೋದ್ಳು ಸರ್, ಒಂದೊಂದು ಕಾಯಿ ಕಾಣ್ತಿತ್ತು! ಅಂದ್ರೆ ನನ್ನ ಗಾಡಿ ನಿಂತಿದೆ ಅಂತ ಇಟ್ಕೊಂಡ್ರೆ ಆಯ್ತು. ಒಂದು ಗಾಡಿ ನಿಲ್ಸಿಬಿಡ್ಬೇಕು. ಒಂದನ್ನು ನಿಲ್ಸಿದ್ರೆ ಮತ್ತೆಲ್ಲ ಸೀದಾ."

ಬಾಯರಿ ಅವತ್ತು "ಹೇಗೆ ಬಂತು?" ಎಂದು ಕೇಳಬೇಕಾಗಿಯೇ ಇರಲಿಲ್ಲ. ಆದರೂ ಕೇಳಿದರು, ಇನ್ನೊಮ್ಮೆ ಕೇಳುವ ಆಸೆಗೆ. ಅವಳು ಬಟಾಣಿಯಿಂದ ಶುರುಮಾಡಿ ಪುನಃ ಹೇಳಿದಳು. ಮಾಸ್ಟ್ರಿಗೆ ಮಕ್ಕಳಿರಲಿಲ್ಲ. ಅದರ ಕೊರತೆ ಅವರಿಗೆ ಆ ಸಂಜೆ ಕಾಣಲಿಲ್ಲ.

ಹತ್ತನೆಯ ಕ್ಲಾಸಿಗೆ ಬರುವಷ್ಟರಲ್ಲಿ ಹುಡುಗಿಗೆ ಫಿಸಿಕ್ಸಿನ ಹುಚ್ಚು ಹಿಡಿದಿತ್ತು. ಮಾಸ್ಟ್ರ ಎದುರು ಬಾಯಿಬಿಡದವಳು ಪ್ರಭಾರ ಹತ್ತಿರ ಹೇಳಿಕೊಂಡಿದ್ದಳು. "ಆಂಟಿ, ನಾನು ಸೈನ್ಸ್ ತಗೊಂಡು ಫಿಸಿಕ್ಸ್ ಸರ್ ಆಗ್ತೇನೆ."

"ಸರ್ ಅಲ್ಲ ಮಾರಾಯ್ತಿ, ಮೇಡಂ."

"ಉಹೂಂ. ನಮ್ಮ ಸರ್ ತರ. ಸ್ಟೂಲ್ ಮೇಲೆ ಕೂತ್ಕೊಂಡು ಟ್ರೇನ್ ನೋಡ್ಲಿಕ್ಕೆ."

ಪ್ರಭಾ ಇದನ್ನು ಗಂಡನಿಗೆ ಹೇಳಿದರು. ಬಾಯರಿ ಊಟದ ತಟ್ಟೆಯ ಮುಂದೆ ಕೂತು ಸುಮ್ಮನೆ ನಕ್ಕರು. ಅಂದರೆ, ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಹುಡುಗಿಗೆ ಏನು ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಅದು ಎರಡು ಸಾವಿರದ ಆರನೆಯ ಇಸವಿ. ರಿಸಲ್ಟ್ ಬಂದ ಮರುದಿನ ಶಂಭು ಶೆಟ್ಟರು ಪೇಡೆಯ ಬಾಕ್ಸು ಹಿಡಿದುಕೊಂಡು ಮಗಳೊಡನೆ ಬಂದರು. ಪಾಸಾದರೆ ಸಾಕು ಎನಿಸಿಕೊಂಡಿದ್ದ ಮಗಳು ಗಣಿತದಲ್ಲಿ ಶಾಲೆಗೇ ಮೊದಲಿಗಳಾಗಿದ್ದಳು. ಶೆಟ್ಟರು ಮಾಸ್ಟ್ರ ಕಾಲು ಮುಟ್ಟಲು ಬಗ್ಗಿದರು, ಬಾಯರಿ ತಡೆದು ಕೂರಿಸಿದರು. ನಿಕಿತಾ ತನ್ನ ಹಳೆಯ ಜಾಗದಲ್ಲಿ, ಹಲಗೆಯ ಪಕ್ಕದಲ್ಲಿ ನಿಂತಳು.

ಸ್ವಲ್ಪ ಹೊತ್ತು ಪೇಡೆ, ಮಳೆ, ಊರಿನ ಸುದ್ದಿಯಾಯಿತು. ಆಮೇಲೆ ಶೆಟ್ಟರು ಮೊಣಕಾಲು ನೀವಿಕೊಳ್ಳುತ್ತ ಮಾತು ತೆಗೆದರು.

"ಮಾಸ್ಟ್ರೇ, ಒಂದು ವಿಷಯ ಕೇಳ್ಲಿಕ್ಕುಂಟು. ಹೋಟ್ಲಲ್ಲಿ ನನ್ನ ತಮ್ಮ ಇದ್ದ, ಅವ ಈಗ ಊರಿಗೆ ಹೋಗಿ ಕೂತ. ಇವಳ ಅಮ್ಮ ಸುಂದರಿಗೆ ಮೊದಲಿನ ಹಾಗೆ ಆಗುದಿಲ್ಲ, ಸೊಂಟನೋವು. ಮಗ ಇನ್ನೂ ಚಿಕ್ಕವ. ಗಲ್ಲಾದಲ್ಲಿ ಕೂರ್ಲಿಕ್ಕೆ ನಮ್ಮವರು ಅಂತ ಒಬ್ರು ಬೇಕು. ಕಾಮರ್ಸ್ ಆದ್ರೆ ಬೆಳಿಗ್ಗೆಯ ಕಾಲೇಜು, ಮಧ್ಯಾಹ್ನದ ಊಟದ ರಶ್ಶಿಗೆ ಇವಳು ಹೋಟ್ಲಿಗೆ ಬರ್ಬಹುದು. ಸೈನ್ಸ್ ಅಂದ್ರೆ ದಿನವಿಡೀ ಪ್ರಾಕ್ಟಿಕಲ್ಲು, ಅದು ಇದು ಅಂತಾರೆ." ಅವರು ಮಗಳ ಕಡೆ ಒಮ್ಮೆ ನೋಡಿದರು. "ಆದ್ರೆ ನಂಗೆಂತ ಗೊತ್ತುಂಟು? ಅವಳನ್ನು ಒಂದು ಜನ ಮಾಡಿದ್ದು ನೀವು. ನೀವು ಸೈನ್ಸ್ ಅಂದ್ರೆ ಸೈನ್ಸ್. ಗಲ್ಲಾಕ್ಕೆ ಯಾರನ್ನಾದ್ರೂ ನೋಡುವ. ನೀವು ಒಂದು ಮಾತು ಹೇಳಿ, ಆಯ್ತು."

ಶೆಟ್ಟರ ಮಾತಿನಲ್ಲಿ ಕಪಟವಿರಲಿಲ್ಲ. ಮಾಸ್ಟ್ರು ಹೇಳಿದರೆ ಅದು ಹೇಳಿದ ಹಾಗೆ, ಅಂಥ ಜನ ಅವರು. ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಪ್ರಭಾ ಗಂಡನಿಗೆ ಕಣ್ಣಿನಲ್ಲೇ ಹೇಳಿದರು: ಹೇಳಿ, ಬೇಗ ಹೇಳಿ.

ಬಾಯರಿಗೆ ತಮ್ಮ ಅಪ್ಪ ನೆನಪಾದರು. ಇನ್ನೊಬ್ಬರ ಮಗುವಿನ ಬದುಕಿಗೆ ಹೀಗೆ ಒಂದೇ ಮಾತಿನಲ್ಲಿ ಉತ್ತರ ಬರೆದುಬಿಡುವುದೇ? ಅವರು ಶೆಟ್ಟರಿಗೆ ಕೈ ಮುಗಿದರು.

"ಶೆಟ್ರೇ, ಈ ಉತ್ತರ ನನ್ನದಲ್ಲ. ನಿಮ್ಮದೂ ಅಲ್ಲ. ಓದುವವಳು ಅವಳು, ಅವಳೇ ಹೇಳ್ಲಿ. ನಿಕಿತಾ, ನಿನಗೆ ಎಂತ ಬೇಕು? ನೀನೇ ಯೋಚಿಸಿ ಹೇಳು."

ಹೇಳಿ, ಅಭ್ಯಾಸದಂತೆ, ಕಿಟಕಿಯ ಕಡೆ ತಿರುಗಿದರು.

ಒಂದು ಗಾಡಿ ಹೋಯಿತು. ಹುಡುಗಿ ಲೆಕ್ಕ ಬಿಡಿಸುತ್ತಿದ್ದಾಳೆ ಎಂದುಕೊಂಡರು. ಹುಡುಗಿ ಅವರ ಬೆನ್ನನ್ನೇ ನೋಡುತ್ತಿದ್ದದ್ದು ಅವರಿಗೆ ಕಾಣಲಿಲ್ಲ. ಪ್ರಭಾರಿಗೆ ಕಂಡಿತು.

"ಕಾಮರ್ಸ್," ಎಂದಳು ನಿಕಿತಾ.

ಶೆಟ್ಟರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕಣ್ಣು ಒರೆಸಿಕೊಂಡರು. "ನೋಡಿ ಮಾಸ್ಟ್ರೇ. ನಾನು ಒಂದು ಮಾತೂ ಒತ್ತಾಯ ಮಾಡ್ಲಿಲ್ಲ. ಅವಳೇ ಹೇಳಿದ್ದು."

ಬಾಯರಿ ಕಿಟಕಿಯಿಂದ ಮುಖ ತಿರುಗಿಸಿದರು. ಸರಿಯಿರಲಿ, ತಪ್ಪಿರಲಿ, ಯಾವ ಉತ್ತರ ಬಂದರೂ "ಹೇಗೆ ಬಂತು?" ಎಂದು ಕೇಳಿದವರು, ಅವತ್ತು ಕೇಳಲಿಲ್ಲ. ಕೇಳಿದರೆ ತಾವು ಒತ್ತಾಯ ಮಾಡಿದಂತೆ ಆದೀತು ಎಂದು ಹೆದರಿದರು. "ಒಳ್ಳೇದಾಗ್ಲಿ," ಎಂದರು. ಹುಡುಗಿ ಅವರ ಕಾಲು ಮುಟ್ಟಿ, ಅಪ್ಪನ ಹಿಂದೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ಮಾಡಿದಳು. ಈ ಸಲ ಒಳಗೆ ಓಡಿಬರಲಿಲ್ಲ.

ಅವರು ಹೋದದ್ದೇ ತಡ, ಪ್ರಭಾ ಕಾಫಿಯ ತಟ್ಟೆಯನ್ನು ಕುಕ್ಕಿದರು. "ಅಪ್ಪ ಮೊಣಕಾಲು ನೀವಿಕೊಳ್ತಾ ಎದುರಿಗೇ ಕೂತಿದ್ದಾರೆ. ಅಮ್ಮನ ಸೊಂಟ ಬಿದ್ದಿದೆ. ಹೆಣ್ಣುಮಗು ಬೇರೆ ಎಂತ ಹೇಳ್ತದೆ? ನನಗೆ ನನ್ನದೇ ದೊಡ್ಡದು ಅಂತ ಹೇಳ್ತದಾ? ಅದನ್ನು ಅವಳ ಬಾಯಲ್ಲಿ ಹೇಳಿಸ್ಲಿಕ್ಕೆ ಹೋದ್ರಲ್ಲ ನೀವು!"

"ಅವಳ ಬದುಕು ಪ್ರಭಾ. ಅವಳೇ ತೀರ್ಮಾನ ಮಾಡ್ಬೇಕು."

"ಅವಳ ತೀರ್ಮಾನ ನನಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತು. ಅದನ್ನು ಶೆಟ್ರಿಗೆ ದಾಟಿಸ್ಲಿಕ್ಕೆ ಒಬ್ರು ದೊಡ್ಡವರು ಬೇಕಿತ್ತು, ಅಷ್ಟೇ."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ ಬಾಯರಿ ಆ ಸಂಜೆಯಿಡೀ ಸ್ವಾತಂತ್ರ್ಯ, ಒತ್ತಾಯ ಎಂದು ವಾದ ಮಾಡಿದರು. ಆದರೆ ಮಲಗಿದಾಗ ನಿದ್ದೆ ಹತ್ತಲಿಲ್ಲ. ಸೈನ್ಸಿನ ಅಡ್ಮಿಷನ್ ಇನ್ನೂ ಮುಗಿದಿರಲಿಲ್ಲ. ಕೊನೆಯ ದಿನ ಹತ್ತಿರ ಬಂದಾಗ ಅವರು ಯಾರಿಗೂ ಹೇಳದೆ ಕಲ್ಯಾಣಕ್ಕೆ ಹೋದರು. ಸ್ಟೇಷನ್ನಿನ ಹೊರಗೆ, ಹೋಟೆಲಿನ ಎದುರಿನ ಫುಟ್‌ಪಾತಿನಲ್ಲಿ ಕೊಡೆ ಹಿಡಿದು ನಿಂತರು. ಒಳಗೆ ಗಲ್ಲಾದ ಹಿಂದೆ ನಿಕಿತಾ ಕೂತಿದ್ದಳು. ಯಾರೋ ಗಿರಾಕಿ ಏನೋ ಅಂದ, ಅವಳು ನಕ್ಕಳು, ಚಿಲ್ಲರೆಯನ್ನು ಎಣಿಸದೆಯೇ ಎಣಿಸಿದಂತೆ ಸರಸರನೆ ಕೊಟ್ಟಳು. ಹಿಂದಿನ ಕುರ್ಚಿಯಲ್ಲಿ ಶೆಟ್ಟರು ಕಾಲು ಚಾಚಿ ಕೂತಿದ್ದರು. ಹುಡುಗಿ ಖುಷಿಯಲ್ಲೇ ಇದ್ದಾಳಲ್ಲ ಎಂದುಕೊಂಡರು ಬಾಯರಿ. ಹಾಗೆ ಅಂದುಕೊಳ್ಳುವುದು ಅವರಿಗೆ ಬೇಕಾಗಿತ್ತು. ರಸ್ತೆ ದಾಟದೆ ಮುಂದಿನ ಗಾಡಿಗೆ ವಾಪಸು ಬಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆಯಿದೆ. ಆಡದೆ ಉಳಿಸಿಕೊಂಡ ಮಾತೂ ಹೋಗಿಬಿಡುತ್ತದೆ ಎಂದು ಗಾದೆ ಕಟ್ಟಿದವರು ಹೇಳಲಿಲ್ಲ.

ವರ್ಷಗಳು ಉರುಳಿದವು. ಥಾಣೆಯಲ್ಲಿ, ನವಿ ಮುಂಬಯಿಯಲ್ಲಿ ಎ.ಸಿ. ಹಾಕಿದ ದೊಡ್ಡ ದೊಡ್ಡ ಕ್ಲಾಸುಗಳು ಎದ್ದವು, ಅಲ್ಲಿ ಉತ್ತರಗಳನ್ನು ಅಚ್ಚು ಹಾಕಿಸಿಯೇ ಕೊಡುತ್ತಿದ್ದರು. ಬಾಯರಿಯ ಹೊರಕೋಣೆಯಲ್ಲಿ ಬೆರಳೆಣಿಕೆಯ ಮಕ್ಕಳು ಉಳಿದರು. ಮಾಸ್ಟ್ರ ತಲೆ ಬೆಳ್ಳಗಾಯಿತು. ಎಷ್ಟೋ ಮಕ್ಕಳು ಬಂದು ಹೋದರು. ಆದರೆ "ಥಾಂಬಾ ಸರ್" ಎಂದು ಯಾರಾದರೂ ಅಂದರೆ ಅವರ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು.

ಎರಡು ಸಾವಿರದ ಹದಿನೈದರ ಜೂನಿನಲ್ಲಿ, ಒಂದು ಮಧ್ಯಾಹ್ನ, ಆ ಬಾಗಿಲಲ್ಲಿ ನಿಕಿತಾ ನಿಂತಿದ್ದಳು. ಮೈ ತುಂಬಿಕೊಂಡಿತ್ತು, ಕೈಯಲ್ಲಿ ಎರಡು ಮೊಬೈಲು. ಜೊತೆಗೆ ತಮ್ಮ ಕೌಶಲ್, ಹತ್ತನೆಯ ಕ್ಲಾಸಿಗೆ ಕಾಲಿಟ್ಟವನು, ಅಕ್ಕನಿಗಿಂತ ಎತ್ತರ. ಅವಳು ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದು ಮಾಸ್ಟ್ರ ಕಾಲು ಮುಟ್ಟಿದಳು. ಥಾಣೆಯ ಮಾಜಿವಾಡಾದ ಹತ್ತಿರ ಇನ್ನೊಂದು ಹೋಟೆಲು ಆಗಿದೆ, ಎರಡನ್ನೂ ತಾನೇ ನೋಡಿಕೊಳ್ಳುತ್ತೇನೆ, ಅಪ್ಪನಿಗೆ ಈಗ ನಿಲ್ಲಲು ಆಗುವುದಿಲ್ಲ ಎಂದೆಲ್ಲ ಹೇಳಿದಳು. ಪ್ರಭಾ ಅವಳ ಕೆನ್ನೆ ಸವರಿ, ಕೌಶಲನನ್ನು ಮಜ್ಜಿಗೆ ಕುಡಿಯಲು ಒಳಗೆ ಕರೆದುಕೊಂಡು ಹೋದರು.

"ಸರ್, ಇವ್ನಿಗೆ ಸೈನ್ಸ್ ಅಂದ್ರೆ ಜೀವ. ಮನೇಲಿ ಫ್ಯಾನ್ ಮಿಕ್ಸರ್ ಒಂದೂ ಬಿಚ್ಚದೆ ಬಿಟ್ಟಿಲ್ಲ, ಸಬ್ ಖೋಲ್ ಕೇ ರಖ್ತಾ ಹೈ. ನಿಮ್ಮ ಹತ್ರಾನೇ ಕಲೀಲಿ." ಆಮೇಲೆ ದನಿ ತಗ್ಗಿಸಿದಳು. "ಒಂದು ಮಾತು ಸರ್. ಮುಂದಿನ ವರ್ಷ ರಿಸಲ್ಟ್ ಬಂದ ಮೇಲೆ ಪಪ್ಪ ಇವ್ನನ್ನೂ ಕರ್ಕೊಂಡು ಬರ್ತಾರೆ. ಎಂತ ಮಾಡುದು ಅಂತ ನಿಮ್ಮನ್ನು ಕೇಳ್ತಾರೆ. ಆವಾಗ ಇವ್ನನ್ನು ಕೇಳ್ಬೇಡಿ ಸರ್. ನೀವೇ ಹೇಳಿಬಿಡಿ."

ಬಾಯರಿ ಸ್ಟೂಲಿನ ಅಂಚು ಹಿಡಿದುಕೊಂಡರು. ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದ ಮಾತು ಈಗ ಹೊರಗೆ ಬಂತು.

"ನಿಕಿತಾ, ಆವತ್ತು ನೀನು ಕಾಮರ್ಸ್ ಅಂದಿಯಲ್ಲ. ಆ ಉತ್ತರ… ಹೇಗೆ ಬಂತು?"

ಅವಳು ನಕ್ಕಳು. ನಗು ಪೂರ್ತಿಯಾಗಲಿಲ್ಲ.

"ಈಗ ಕೇಳ್ತೀರಾ ಸರ್?"

ಮಾಸ್ಟ್ರು ಹೌದೆಂದು ತಲೆಯಾಡಿಸಿದರು.

"ಪಪ್ಪ ನನ್ನನ್ನೇ ನೋಡ್ತಿದ್ರು. ನೀವು ಕಿಟಕಿ ನೋಡ್ತಿದ್ರಿ. ಪಪ್ಪನ ಎದುರಿಗೆ ನಂಗೆ ಸೈನ್ಸ್ ಬೇಕು ಅಂತ ಬಾಯಿ ಬರ್ಲಿಲ್ಲ ಸರ್. ಕಾಮರ್ಸ್ ಅಂತ ಅಂದು ನೋಡುವ, ಸರ್ ಥಾಂಬಾ ಅಂತಾರೆ ಅಂದ್ಕೊಂಡೆ. ಇಡೀ ಕ್ಲಾಸಲ್ಲಿ ನಾವೇ ಹೇಳ್ತಿದ್ವಿ ನಿಮ್ಗೆ, ಒಂದ್ಸಲ ನೀವು ನಂಗೆ ಹೇಳ್ತೀರಿ ಅಂತ. ಹೊರಗೆ ಹೋಗಿ ಚಪ್ಪಲಿ ಹಾಕ್ಕೊಳ್ಳುವಾಗ್ಲೂ ಕಾದೆ. ಕರೀಲಿಲ್ಲ." ಅವಳು ಮೊಬೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಆಮೇಲೆ ಒಂದಿನ ನೀವು ಹೋಟ್ಲ ಎದುರು ಕೊಡೆ ಹಿಡ್ಕೊಂಡು ನಿಂತಿದ್ರಿ. ಈಗ ಒಳಗೆ ಬರ್ತಾರೆ ಅಂತ ಖುಷಿ ಆಯ್ತು. ನಗು ತಡೀಲಿಕ್ಕೆ ಆಗ್ಲಿಲ್ಲ."

ಆ ನಗುವನ್ನೇ ನಂಬಿ ಬಾಯರಿ ರಸ್ತೆ ದಾಟದೆ ಬಂದಿದ್ದರು.

"ಬೇಜಾರು ಮಾಡ್ಕೊಳ್ಬೇಡಿ ಸರ್," ಎಂದಳು ನಿಕಿತಾ, ಅವರ ಮುಖ ನೋಡಿ ಗಾಬರಿಯಾಗಿ. "ನಂಗೇನೂ ಕಮ್ಮಿ ಆಗ್ಲಿಲ್ಲ." ಮಾತು ಬದಲಿಸಲೆಂದೇ ಹಲಗೆಯ ಕಡೆ ತಿರುಗಿದಳು. ಬೆಳಗಿನ ಮಕ್ಕಳು ಅರ್ಧಕ್ಕೆ ಬಿಟ್ಟ ಲೆಕ್ಕ ಅಲ್ಲಿತ್ತು. ಎರಡು ಗಾಡಿ, ಒಂದೇ ದಿಕ್ಕು, ಒಂದು ಸ್ಲೋ, ಒಂದು ಫಾಸ್ಟ್. "ಅರೇ! ಇದು ನನ್ನ ಲೆಕ್ಕ!"

ಚಾಕ್‌ಪೀಸು ಎತ್ತಿಕೊಂಡಳು. ಹಳೆಯ ಹುಡುಗಿಯ ಹಾಗೆಯೇ ತಲೆ ಒಂದು ಕಡೆಗೆ ವಾಲಿಸಿ ನಿಂತಳು. ಎರಡು ವೇಗಗಳನ್ನು ಬರೆದಳು. ಕೈ ನಿಂತಿತು.

ಬಾಯರಿಯ ಕತ್ತು ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗಿತು. ತಟ್ಟನೆ ಎಚ್ಚೆತ್ತು ಅವಳ ಕಡೆ ನೋಡಿದರು. ಅವಳ ಹುಬ್ಬು ಗಂಟಿಕ್ಕಿತ್ತು. ಎರಡನ್ನು ಕೂಡಿಸಿ ಬರೆದಳು, ಅಂಗೈಯಿಂದ ಒರೆಸಿದಳು.

"ಥಾಂಬಾ ಸರ್, ಹೇಳ್ಬೇಡಿ. ಬರ್ತದೆ."

ಹೊರಗೆ ಕಲ್ಯಾಣದ ಕಡೆಯಿಂದ ಒಂದು ಗಾಡಿ ಬಂದು ಹೋಯಿತು. ಬೆನ್ನಿಗೇ ಇನ್ನೊಂದು. ಕೈಯಲ್ಲಿದ್ದ ಮೊಬೈಲು ಸದ್ದುಮಾಡಿತು, ಅವಳು ನೋಡದೆಯೇ ಅದನ್ನು ಬಂದ್ ಮಾಡಿದಳು. ಇನ್ನೂ ಸ್ವಲ್ಪ ಹೊತ್ತು ನಿಂತಳು. ಬಟಾಣಿ ಸುಲಿಯುತ್ತಿದ್ದ ಹೆಂಗಸು ಅವಳಿಗೆ ನೆನಪಾಗಲಿಲ್ಲ.

ಕೊನೆಗೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು. ಮಾಸ್ಟ್ರ ಅಂಗೈ ಬಿಡಿಸಿ, ಅದರಲ್ಲಿ ಚಾಕ್‌ಪೀಸು ಇಟ್ಟಳು.

"ಹೋಯ್ತು ಸರ್. ನೀವೇ ಹೇಳಿ."

ಆ ಕೋಣೆಯಲ್ಲಿ ಅವಳು ತನಗಾಗಿ ಹಾಗೆ ಕೇಳಿದ್ದು ಅದೇ ಮೊದಲು. ಹೇಳಬೇಕಾದದ್ದು ಒಂದೇ ಮಾತು, ಒಂದು ಗಾಡಿಯನ್ನು ನಿಲ್ಲಿಸಬೇಕು ಎಂಬ ಮಾತು. ಅದೂ ಅವಳೇ ಅವರಿಗೆ ಕೊಟ್ಟದ್ದು. ಬಾಯರಿ ಹಲಗೆಯ ಹತ್ತಿರ ಹೋಗಿ ಕೈ ಎತ್ತಿದರು. ಕಣ್ಣು ಮಂಜಾಗಿ ಅಕ್ಷರಗಳು ಕಾಣಲಿಲ್ಲ. ನಿಕಿತಾ ಪಕ್ಕದಲ್ಲಿ ನಿಂತು, ಅವರು ಹೇಳಲಿ ಎಂದು ಕಾಯುತ್ತಿದ್ದಳು.